ಕೆಳಗಿನ ದಿಮ್ಮಿ ಗಟ್ಟಿಯಿದ್ದರೆ: ಝೆಮಾಯ್ತಿಯಾದ ಮರದ ಚರ್ಚುಗಳು

ಲಿಥುವೇನಿಯಾದ ಹಳ್ಳಿ ಚರ್ಚಿಗೆ ಹೋದವರು ಸೀದಾ ಒಳಗೆ ಹೋಗಿ ಬಲಿಪೀಠದ ಮುಂದೆ ನಿಲ್ಲುತ್ತಾರೆ. ನಾನು ಮಾತ್ರ ಮೊದಲು ಹೊರಗೇ ಒಂದು ಸುತ್ತು ಹಾಕುತ್ತೇನೆ. ಹಳೆಯ ಮರದ ಕಟ್ಟಡಗಳನ್ನು ಪರೀಕ್ಷಿಸಿ, ದುರಸ್ತಿ ಹೇಗಾಗಬೇಕು ಅಂತ ಹೇಳುವುದು ನನ್ನ ಕೆಲಸ. ಬಗ್ಗಿ ನೋಡುವುದು ಪಾಯದ ಕಲ್ಲಿನ ಮೇಲೆ ಕೂತಿರುವ ಎಲ್ಲಕ್ಕಿಂತ ಕೆಳಗಿನ ದಿಮ್ಮಿಯನ್ನು. ಅದು ಗಟ್ಟಿಯಾಗಿದ್ದರೆ ಕಟ್ಟಡ ಇನ್ನೂ ಬಹಳ ಕಾಲ ನಿಲ್ಲುತ್ತದೆ. ಅದು ಮೆತ್ತಗಾಗಿದ್ದರೆ ಒಳಗಿನ ಕೆತ್ತನೆಗೂ ಹೆಚ್ಚು ದಿನ ಉಳಿಗಾಲವಿಲ್ಲ.

ಝೆಮಾಯ್ತಿಯಾ ಅನ್ನುವುದು ಲಿಥುವೇನಿಯಾದ ಪಶ್ಚಿಮ ಭಾಗ. ಸಣ್ಣ ಗುಡ್ಡಗಳು, ಕೆರೆಗಳು, ಪೈನ್ ಕಾಡು, ಜಾಸ್ತಿ ಮಳೆ. ಯುರೋಪಿನಲ್ಲಿ ಕ್ರೈಸ್ತ ಧರ್ಮ ಕಡೆಗೆ ತಲುಪಿದ ಜಾಗಗಳಲ್ಲಿ ಇದೂ ಒಂದು. ದೇಶದ ಉಳಿದ ಭಾಗಕ್ಕೆ 1387ರಲ್ಲಿ ದೀಕ್ಷಾಸ್ನಾನವಾದರೆ ಇಲ್ಲಿ 1413ರಲ್ಲಿ ಶುರುವಾಯಿತು. 1417ರಲ್ಲಿ ಮೆದಿನಿಂಕಾಯ್ ಅನ್ನುವ ಊರಿನಲ್ಲಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪನ ಆಡಳಿತದ ಸೀಮೆ, ಸ್ಥಾಪನೆಯಾಯಿತು. ಆ ಊರಿನ ಈಗಿನ ಹೆಸರು ವರ್ನ್ಯಾಯ್. ಅದಕ್ಕೂ ಮೊದಲು ಇಲ್ಲಿನ ಜನ ಪೂಜಿಸುತ್ತಿದ್ದದ್ದು ದೇವರ ಕಾಡುಗಳನ್ನು, ಬೆಂಕಿಯನ್ನು. ಚರ್ಚು ಬಂದ ಮೇಲೂ ಕಟ್ಟುವುದಕ್ಕೆ ಕಾಡೇ ಮರ ಕೊಟ್ಟಿತು. ಇಟ್ಟಿಗೆ, ಸುಣ್ಣ ಎಲ್ಲ ಶ್ರೀಮಂತರ ಕೈಗೆ ಎಟುಕುವ ಮಾತು. ಹಳ್ಳಿಯ ಧರ್ಮಕೇಂದ್ರಕ್ಕೆ ಹತ್ತಿರ ಸಿಗುತ್ತಿದ್ದದ್ದು ಪೈನ್ ಮರ ಮತ್ತು ಹಿಮಯುಗ ಹೊಲಗಳಲ್ಲಿ ಬಿಟ್ಟುಹೋದ ಗುಂಡುಕಲ್ಲು. ಕಲ್ಲು ಪಾಯಕ್ಕೆ, ಮರ ಉಳಿದೆಲ್ಲದಕ್ಕೆ.

ಪ್ಲಾತೆಲ್ಯಾಯ್ ಊರಿನ ಸಂತ ಪೇತ್ರ ಮತ್ತು ಪೌಲರ ಚರ್ಚು ಇದಕ್ಕೆ ಒಳ್ಳೆಯ ಉದಾಹರಣೆ. 1744ರಲ್ಲಿ ಕಟ್ಟಿದ್ದು. ನಕ್ಷೆ ಶಿಲುಬೆಯ ಆಕಾರ. ಹಲಗೆ ಹೊದಿಸಿದ ಗೋಡೆ, ಎತ್ತರದ ಚಾವಣಿ. ದೂರದಿಂದ ನೋಡಿದರೆ ಆ ಸೀಮೆಯ ದೊಡ್ಡ ಒಕ್ಕಲು ಮನೆಯ ಹಾಗೇ ಕಾಣುತ್ತದೆ. ಕಟ್ಟಿದ ಬಡಗಿಗಳಿಗೆ ಮನೆ, ಕಣಜ, ಚರ್ಚು ಮೂರಕ್ಕೂ ಗೊತ್ತಿದ್ದದ್ದು ಒಂದೇ ವಿದ್ಯೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಬೆರ್ಝೋರಸ್ ಅನ್ನುವ ಪುಟ್ಟ ಹಳ್ಳಿ. ಅಲ್ಲಿನ ಮರದ ಚರ್ಚು 1746ರದ್ದು. ಇಂಥ ಎರಡು ಕಟ್ಟಡಗಳನ್ನು ಒಂದೇ ಬೆಳಗ್ಗೆ ನೋಡಿ ಮುಗಿಸುವ ಅವಕಾಶ ಬೇರೆ ಕಡೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಈ ಗೋಡೆ ಹೇಗೆ ನಿಂತಿದೆ ಅನ್ನುವುದು ತಿಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಚೌಕಾಕಾರಕ್ಕೆ ಕೆತ್ತಿದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಮಲಗಿಸುತ್ತಾರೆ. ಮೂಲೆಯಲ್ಲಿ ಎರಡು ಗೋಡೆಯ ದಿಮ್ಮಿಗಳು ಕಚ್ಚು ಹಾಕಿ ಒಂದಕ್ಕೊಂದು ಕೂರುತ್ತವೆ. ಮೂಲೆಗೆ ಮೊಳೆ ಬೇಕಿಲ್ಲ. ಸಂದುಗಳಲ್ಲಿ ಪಾಚಿ ಅಥವಾ ನಾರು ತುರುಕುತ್ತಾರೆ. ಮರ ಒಣಗುವಾಗ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ದಿಮ್ಮಿಗಳು ಮಲಗಿರುವುದರಿಂದ ಇಡೀ ಗೋಡೆಯೇ ತಗ್ಗುತ್ತದೆ. ಆರು ಮೀಟರ್ ಎತ್ತರದ ಹಸಿ ದಿಮ್ಮಿಯ ಗೋಡೆ ಒಣಗುವಷ್ಟರಲ್ಲಿ ಒಂದು ಗೇಣು ಕೆಳಗಿಳಿಯಬಹುದು. ಕಿಟಕಿ, ಬಾಗಿಲಿನ ಚೌಕಟ್ಟಿನ ಮರ ನಿಂತಿರುತ್ತದೆ, ಅದು ಕುಗ್ಗುವುದಿಲ್ಲ. ಅದಕ್ಕೇ ಚೌಕಟ್ಟಿನ ಮೇಲೆ ಖಾಲಿ ಜಾಗ ಬಿಟ್ಟು, ಹಲಗೆಯಿಂದ ಮರೆಮಾಡುತ್ತಿದ್ದರು. ಇದು ಗೊತ್ತಿಲ್ಲದೆ ಆ ಸಂದನ್ನು ಯಾರಾದರೂ ಗಟ್ಟಿಯಾಗಿ ತುಂಬಿಬಿಟ್ಟರೆ ಗೋಡೆಯ ಭಾರವೆಲ್ಲ ಚೌಕಟ್ಟಿನ ಮೇಲೆ ಬೀಳುತ್ತದೆ. ಗಾಜು ಒಡೆಯುತ್ತದೆ, ಬಾಗಿಲು ಹಿಡಿದುಕೊಳ್ಳುತ್ತದೆ.

ಇನ್ನೊಂದು ತೊಂದರೆ ಎತ್ತರದ್ದು. ಮನೆಯ ಗೋಡೆ ತಗ್ಗು, ಅಡ್ಡಗೋಡೆಗಳೂ ಇರುತ್ತವೆ. ಚರ್ಚಿನ ಗೋಡೆ ಎತ್ತರ, ಉದ್ದ, ನಡುವೆ ಹಿಡಿಯುವುದಕ್ಕೆ ಏನೂ ಇಲ್ಲ. ಹಾಗೇ ಬಿಟ್ಟರೆ ನಡುವಲ್ಲಿ ಹೊಟ್ಟೆ ಬಿಡುತ್ತದೆ. ಅದಕ್ಕೆ ಗೋಡೆಯ ಒಳಗೊಂದು, ಹೊರಗೊಂದು ಉದ್ದನೆಯ ತೊಲೆ ನಿಲ್ಲಿಸಿ, ಎರಡನ್ನೂ ಕಬ್ಬಿಣದ ಬೋಲ್ಟಿನಿಂದ ಬಿಗಿಯುತ್ತಾರೆ. ಗೋಡೆ ಇಕ್ಕಳದಲ್ಲಿ ಸಿಕ್ಕಿದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಬೋಲ್ಟು ಹೋಗುವ ತೂತನ್ನು ಉದ್ದಕ್ಕೆ ಸೀಳಿರಬೇಕು, ಗೋಡೆ ಇಳಿದಾಗ ಬೋಲ್ಟೂ ಜೊತೆಗೆ ಇಳಿಯಬೇಕಲ್ವಾ? ಹೊರಗೆ ಹಲಗೆ ಹೊದಿಸಿದ ಮೇಲೆ ಈ ತೊಲೆಗಳು ಪಟ್ಟಿಯ ಹಾಗೆ ಕಾಣುತ್ತವೆ. ಎಷ್ಟೋ ಜನ ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ನನಗೆ ಇಡೀ ಕಟ್ಟಡದಲ್ಲಿ ಅತಿ ಇಷ್ಟವಾಗುವ ಭಾಗ ಅದು.

ಗಂಟೆ ಗೋಪುರ ಬೇರೆಯಾಗಿ ಯಾಕೆ ನಿಂತಿದೆ ಅಂತ ಪ್ರವಾಸಿಗರು ಕೇಳುತ್ತಲೇ ಇರುತ್ತಾರೆ. ಇಲ್ಲಿ ಗಂಟೆಯ ನಾಲಗೆಯನ್ನಷ್ಟೇ ಎಳೆದು ಬಾರಿಸುವುದಿಲ್ಲ, ಇಡೀ ಗಂಟೆಯನ್ನೇ ತೂಗುತ್ತಾರೆ. ಅಷ್ಟು ಭಾರದ ಕಂಚು ಆ ಕಡೆ ಈ ಕಡೆ ತೂಗುವಾಗ ಗೋಪುರವನ್ನು ಪಕ್ಕಕ್ಕೆ ತಳ್ಳುತ್ತದೆ. ದಿಮ್ಮಿ ಗೋಡೆಗೆ ಈ ತಳ್ಳಾಟ ಆಗಿಬರುವುದಿಲ್ಲ, ಮೂಲೆಯ ಕಚ್ಚುಗಳು ಸಡಿಲವಾಗುತ್ತವೆ. ಅದಕ್ಕೆ ಗೋಪುರವನ್ನು ಪ್ರತ್ಯೇಕವಾಗಿ, ಕಂಬ ಮತ್ತು ಓರೆ ಆಸರೆಗಳ ಚೌಕಟ್ಟಿನಲ್ಲಿ ಕಟ್ಟಿದರು. ಅದು ಅಲುಗಾಡಬಹುದು, ಅಲುಗಾಡಲೇಬೇಕು. ಗೋಪುರಕ್ಕೆ ಸಿಡಿಲು ಹೊಡೆದರೂ ಚರ್ಚು ಉಳಿಯಬಹುದು ಅನ್ನುವ ಲೆಕ್ಕಾಚಾರವೂ ಇತ್ತು. 1915ರಲ್ಲಿ ಹಿಂದೆ ಸರಿಯುತ್ತಿದ್ದ ರಷ್ಯಾದ ಸೈನ್ಯ ಎಷ್ಟೋ ಊರುಗಳ ಗಂಟೆಗಳನ್ನು ಇಳಿಸಿ ಒಯ್ದಿತು. ಹಾಗಾಗಿ ಗೋಪುರ ಹಳೆಯದಾದರೂ ಒಳಗಿನ ಗಂಟೆ ಆಮೇಲಿನದ್ದು ಆಗಿರುವುದು ಸಾಮಾನ್ಯ.

ಈಗ ಕೆಳಗಿನ ದಿಮ್ಮಿಗೆ ಬರೋಣ. ಮರದಲ್ಲಿ ತೇವಾಂಶ ಸುಮಾರು 20 ಶೇಕಡಾಕ್ಕಿಂತ ಕೆಳಗಿದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಆ ಗಡಿ ದಾಟಿ ಹಾಗೇ ಉಳಿದರೆ ಕೊಳೆಯುವುದು ಶುರು. ಮೊದಲು ದಾಟುವುದು ಈ ದಿಮ್ಮಿಯೇ. ಚಾವಣಿಯಿಂದ ಬಿದ್ದ ನೀರು ನೆಲಕ್ಕೆ ಬಡಿದು ಇದರ ಮೇಲೆ ಸಿಡಿಯುತ್ತದೆ. ಚಳಿಗಾಲದ ಹಿಮ ಇದಕ್ಕೆ ಒರಗಿಕೊಂಡು ತಿಂಗಳುಗಟ್ಟಲೆ ಕೂರುತ್ತದೆ. ಎಲೆ, ಮಣ್ಣು ಬಿದ್ದು ಚರ್ಚಿನ ಸುತ್ತಲ ನೆಲ ನಿಧಾನವಾಗಿ ಏರುತ್ತದೆ, ಕಲ್ಲಿನ ಪಾಯ ಮುಚ್ಚಿಹೋಗುತ್ತದೆ.

ಹಳೆಯ ಬಡಗಿಗಳು ಗುಂಡುಕಲ್ಲುಗಳ ನಡುವೆ ಗಾಳಿಗೆ ದಾರಿ ಬಿಟ್ಟಿದ್ದರು. ಒಂದು ಹಳ್ಳಿಯಲ್ಲಿ ನಾನು ನೋಡಿದ ಚರ್ಚಿಗೆ ಯಾವುದೋ ಕಾಲದಲ್ಲಿ ಪಾಯದ ಸುತ್ತ ಸಿಮೆಂಟ್ ಬಳಿದಿದ್ದರು. ನೋಡೋಕೆ ನೀಟಾಗಿತ್ತು. ಗಾಳಿ ನಿಂತಿತು, ಕಲ್ಲು ಮತ್ತು ಸಿಮೆಂಟಿನ ನಡುವೆ ಇಳಿದ ನೀರಿಗೆ ಹೊರಬರಲು ದಾರಿ ಇರಲಿಲ್ಲ. ದಿಮ್ಮಿಗೆ ಉಳಿ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಬಳಿದವರು ಚರ್ಚಿನ ಮೇಲಿನ ಪ್ರೀತಿಯಿಂದಲೇ ಬಳಿದಿದ್ದರು. ಗಟ್ಟಿ ಎಣ್ಣೆ ಬಣ್ಣವನ್ನು ಪದರದ ಮೇಲೆ ಪದರ ಹೊಡೆಯುವುದೂ ಹೀಗೇ. ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ, ಬಣ್ಣದಡಿಯಿಂದ ಆರಿಹೋಗುವುದಿಲ್ಲ.

ಪರಿಹಾರ ಕಷ್ಟದ್ದೇನಲ್ಲ, ತಾಳ್ಮೆ ಬೇಕು. ಸಿಮೆಂಟ್ ಕಿತ್ತು ನೆಲ ತಗ್ಗಿಸಬೇಕು. ಗೋಡೆಯನ್ನು ಜಾಕಿಗಳ ಮೇಲೆ ಕೂದಲೆಳೆಯಷ್ಟು ಎತ್ತಿ, ಕೊಳೆತ ದಿಮ್ಮಿಯನ್ನು ಮಾತ್ರ ತೆಗೆದು, ಅದೇ ಜಾತಿಯ, ಚೆನ್ನಾಗಿ ಒಣಗಿದ ಪೈನ್ ಕೂರಿಸಬೇಕು. ದಿಮ್ಮಿಯ ಒಂದು ತುದಿಯಷ್ಟೇ ಹಾಳಾಗಿದ್ದರೆ ಅಷ್ಟನ್ನೇ ಕತ್ತರಿಸಿ, ಹೊಸ ತುಂಡನ್ನು ಕಚ್ಚು ಹಾಕಿ ಜೋಡಿಸಬೇಕು. ಹಾಗಾದರೆ ಮೂಲ ಕಟ್ಟಡ ಎಲ್ಲಿ ಉಳಿಯಿತು ಅಂತ ಕೆಲವರು ಕೇಳುತ್ತಾರೆ. ಮರದ ಚರ್ಚು ಕಟ್ಟಿದವರೇ ಕೆಳಗಿನ ದಿಮ್ಮಿ, ಚಾವಣಿಯ ಸೀಳುಹಲಗೆ ಎರಡೂ ಬದಲಾಗಲಿ ಅಂತಲೇ ಕಟ್ಟಿದ್ದರು. ನಾನು ಖಡಾಖಂಡಿತ ವಿರೋಧಿಸುವುದು ಇಡೀ ಗೋಡೆ ಬಿಚ್ಚಿ, ಗರಗಸದ ಹೊಸ ಮರದಲ್ಲಿ ಹಳೆಯದರ ಹಾಗೆ ಕಟ್ಟುವುದನ್ನು. 280 ವರ್ಷದ ದಿಮ್ಮಿಯ ಮೇಲೆ ಕೊಡಲಿಯ ಏಟು ಇನ್ನೂ ಕಾಣುತ್ತದೆ. ಆ ಬಡಗಿ ಯಾವ ಕಡೆಯಿಂದ ಕೆತ್ತುತ್ತಾ ಬಂದ ಅನ್ನುವುದು ಕೂಡ ಅದರಲ್ಲಿ ಗೊತ್ತಾಗುತ್ತದೆ. ಅದನ್ನು ಮತ್ತೆ ತರಲು ಆಗುವುದಿಲ್ಲ.

ಒಳಗಿನ ಬಲಿಪೀಠಗಳು ಬರೋಕ್ ಅನ್ನುವ ಅಲಂಕಾರ ತುಂಬಿದ ಶೈಲಿಯವು, ಮರದಲ್ಲಿ ಕೆತ್ತಿ ಅಮೃತಶಿಲೆಯಂತೆ ಕಾಣಲು ಬಣ್ಣ ಬಳಿದವು. ಅವುಗಳಿಗೆ ಚಳಿಯಿಂದ ಏನೂ ಆಗುವುದಿಲ್ಲ. ಭಾನುವಾರದ ಬಲಿಪೂಜೆಗೆ (ಚರ್ಚಿನ ಮುಖ್ಯ ಪ್ರಾರ್ಥನೆ, ಮಾಸ್) ಎರಡು ಗಂಟೆ ಹೀಟರ್ ಹಾಕಿ ಆರಿಸುವುದೇ ಅಪಾಯ. ಬಿಸಿ ಗಾಳಿ ಮರವನ್ನು ಒಣಗಿಸುತ್ತದೆ, ಜನರ ಉಸಿರಿನ ತೇವ ತಣ್ಣನೆಯ ಗೋಡೆಯ ಮೇಲೆ ಹನಿಯಾಗುತ್ತದೆ, ಬಣ್ಣ ಚಕ್ಕೆ ಏಳುತ್ತದೆ. ಬೆಂಚಿನ ಕೆಳಗೆ ಮಾತ್ರ ಹಿತವಾಗಿ ಬಿಸಿ ಮಾಡುವ ವ್ಯವಸ್ಥೆ ಇದಕ್ಕಿಂತ ವಾಸಿ.

ಚರ್ಚಿನ ಗೋಡೆಗೇ ಈ ನಾಡಿನ ಭಕ್ತಿ ಮುಗಿಯುವುದಿಲ್ಲ. ಝೆಮಾಯ್ಚ್ಯೂ ಕಲ್ವಾರಿಯಾದಲ್ಲಿ 17ನೇ ಶತಮಾನದ ಮೊದಲರ್ಧದಲ್ಲಿ ಧರ್ಮಾಧ್ಯಕ್ಷ ತಿಶ್ಕೇವಿಚ್ಯುಸ್ ಊರಿನ ಗುಡ್ಡಗಳ ಮೇಲೆಲ್ಲ ಶಿಲುಬೆ ಹಾದಿ ಮಾಡಿಸಿದ. ಯೇಸು ಶಿಲುಬೆ ಹೊತ್ತು ನಡೆದ ಕಡೆಯ ಪಯಣವನ್ನು ನೆನೆಯುತ್ತಾ ನಡೆಯುವ ಹಾದಿ ಅದು. ಅಲ್ಲಿ 19 ಗುಡಿಗಳಿವೆ. ಜುಲೈ ಮೊದಲ ಭಾಗದ ಜಾತ್ರೆಯಲ್ಲಿ ಜನ ಹಾಡುತ್ತಾ ಒಂದೊಂದೇ ಗುಡಿಗೆ ನಡೆಯುತ್ತಾರೆ, ಜೊತೆಗೆ ಕಹಳೆ, ಡೋಲು. ಅದೇ ಹಾಡುಗಳನ್ನು ಝೆಮಾಯ್ತಿಯಾದ ಮನೆಗಳಲ್ಲಿ ಸತ್ತವರ ಮುಂದೆಯೂ ಹಾಡುತ್ತಾರೆ.

ಬೆರ್ಝೋರಸ್‌ನಲ್ಲೂ ಚರ್ಚಿನ ಸುತ್ತ ಶಿಲುಬೆ ಹಾದಿಯ ಪುಟ್ಟ ಮರದ ಗುಡಿಗಳಿದ್ದವು. ಸೋವಿಯತ್ ಆಡಳಿತ ಅವನ್ನು ಕೆಡವಿತು. ಅದೇ ಕಾಲದಲ್ಲಿ, 1960ರ ದಶಕದ ಶುರುವಿನಲ್ಲಿ, ಪಕ್ಕದ ಪ್ಲೋಕ್ಶ್ತಿನೇ ಕಾಡಿನ ನೆಲದಡಿ ಕ್ಷಿಪಣಿ ನೆಲೆ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ ಜನ ಗುಡಿಗಳನ್ನು ಮತ್ತೆ ಕಟ್ಟಿಕೊಂಡರು, ಕ್ಷಿಪಣಿ ನೆಲೆ ಮ್ಯೂಸಿಯಂ ಆಯಿತು. ದಾರಿ ಬದಿಯಲ್ಲಿ, ಅಂಗಳದಲ್ಲಿ ಕೆತ್ತಿದ ಮರದ ಶಿಲುಬೆ ನೆಡುವ ಲಿಥುವೇನಿಯಾದ ಪದ್ಧತಿಯನ್ನು ಯುನೆಸ್ಕೊ 2001ರಲ್ಲೇ ಗುರುತಿಸಿತು, 2008ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಶಿಲುಬೆಗಳಲ್ಲಿ ತಲೆಗೆ ಕೈ ಊರಿ ಚಿಂತೆಯಲ್ಲಿ ಕೂತ ಯೇಸುವಿನ ಪುಟ್ಟ ಮೂರ್ತಿಯನ್ನು ತಪ್ಪಿಸಿಕೊಳ್ಳಬೇಡಿ.

ಇಟ್ಟಿಗೆಯ ದೊಡ್ಡ ಚರ್ಚುಗಳು ಬಂದದ್ದು ಆಮೇಲೆ. ಶ್ವೇಕ್ಶ್ನಾದ ಗಾಥಿಕ್ ಮಾದರಿಯ ಜೋಡಿ ಗೋಪುರ 1905ರದ್ದು. ರಿಯೆತವಾಸ್‌ನ ಚರ್ಚಿನ ನಕ್ಷೆ ಬರ್ಲಿನ್ನಿನ ವಾಸ್ತುಶಿಲ್ಪಿ ಸ್ಟೂಲರ್ ಮಾಡಿದ್ದು. 1892ರ ಈಸ್ಟರ್‌ಗೆ ಲಿಥುವೇನಿಯಾದ ಮೊದಲ ವಿದ್ಯುತ್ ದೀಪ ಹತ್ತಿದ್ದೂ ಆ ಊರಿನಲ್ಲೇ. ಅವೆಲ್ಲ ಭವ್ಯವಾಗಿವೆ. ಅವುಗಳ ಗೋಪುರ ಇಡೀ ಊರಿಗೆ ಕಾಣುತ್ತದೆ, ಹಾಗಾಗಿ ದುರಸ್ತಿಗೆ ಕೂಗು ಹಾಕುವವರೂ ಸಿಗುತ್ತಾರೆ. ಮರದ ಚರ್ಚಿನ ಕೆಳಗಿನ ದಿಮ್ಮಿ ಯಾರಿಗೂ ಕಾಣುವುದಿಲ್ಲ.

ಮರದ ಚರ್ಚಿಗೆ ಇನ್ನೊಂದು ಅಪಾಯ ಬೆಂಕಿಯದ್ದು. ದೇಶದ ಪೂರ್ವ ಭಾಗದ ಲಾಬಾನೋರಸ್ ಊರಿನ ಹಳೆಯ ಮರದ ಚರ್ಚು 2009ರ ಡಿಸೆಂಬರ್‌ನಲ್ಲಿ ಸುಟ್ಟು ಬೂದಿಯಾಯಿತು. ಊರವರು ಮತ್ತೆ ಕಟ್ಟಿಸಿದರು. ಪೂಜೆಗೆ ಅದು ಬೇಕಿತ್ತು, ಒಪ್ಪುತ್ತೇನೆ. ಮುನ್ನೆಚ್ಚರಿಕೆಗೆ ಆಗುವ ಖರ್ಚು ಅದರ ಮುಂದೆ ಏನೂ ಅಲ್ಲ: ಹಳೆಯ ವೈರಿಂಗ್ ಬದಲಿಸುವುದು, ಸಿಡಿಲು ತಡೆ, ಹೊಗೆ ಪತ್ತೆ ಮಾಡುವ ಯಂತ್ರ, ಹತ್ತಿರದಲ್ಲೇ ನೀರು. ಪ್ರತಿ ಮರದ ಚರ್ಚಿನ ಅಳತೆ ಮತ್ತು ಕಚ್ಚುಗಳ ವಿವರ ಈಗಲೇ ದಾಖಲಾಗಬೇಕು.

ಹೋಗುವವರಿಗೆ ಒಂದು ಮಾತು. ಸಣ್ಣ ಹಳ್ಳಿಗಳಲ್ಲಿ ಬಲಿಪೂಜೆಯ ಹೊತ್ತು ಬಿಟ್ಟರೆ ಬಾಗಿಲು ಸಾಮಾನ್ಯವಾಗಿ ಹಾಕಿರುತ್ತದೆ. ಭಾನುವಾರ ಬೆಳಗ್ಗೆ ಅರ್ಧ ಗಂಟೆ ಮುಂಚೆ ಹೋಗಿ, ಮೊದಲು ಹೊರಗಿನ ಸುತ್ತು ಮುಗಿಸಿ. ಉತ್ತರದ ಗೋಡೆ ಬಿಸಿಲು ಕಾಣುವುದಿಲ್ಲ, ತೇವ ಇದ್ದರೆ ಅಲ್ಲೇ ಜಾಸ್ತಿ. ಸೂರಿನಡಿ ಪಾಚಿಯ ಹಸಿರು ಗೆರೆ ಕಂಡರೆ ಫೋಟೊ ತೆಗೆದು ಅಲ್ಲಿನ ಫಾದರ್‌ಗೆ ತೋರಿಸಿ.