ಈಜುಕೊಳ: ಕಟ್ಟುವ ದುಡ್ಡು, ನಡೆಸುವ ದುಡ್ಡು

ಹಳೇಬೀಡಿನ ಪಕ್ಕದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಒಂದು ಕಲ್ಯಾಣಿ ಇದೆ. ಕೆಳಗಿಳಿಯುವ ಮೆಟ್ಟಿಲು, ಸುತ್ತ ಪುಟ್ಟ ಪುಟ್ಟ ಗುಡಿಗಳು. ಬಂದವರೆಲ್ಲ ಕಲ್ಲಿನ ಕೆಲಸ ನೋಡಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನನಗೆ ಆ ಕಾಲದವರ ಲೆಕ್ಕಾಚಾರವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಆಗೆಲ್ಲ ಕೆರೆ ಕಟ್ಟಿಸಿದವರು ಅದರ ರಿಪೇರಿಗೆಂದೇ ಜಮೀನು ಬಿಡುತ್ತಿದ್ದರು. ಶಾಸನಗಳಲ್ಲಿ ಇದನ್ನು ಕಟ್ಟುಕೊಡಗೆ ಎಂದಿದ್ದಾರೆ. ಹೂಳು ತೆಗೆಸುವುದು, ಏರಿ ಸರಿ ಮಾಡುವುದು ಆ ಜಮೀನಿನ ಹುಟ್ಟುವಳಿಯಲ್ಲೇ ನಡೆಯಬೇಕು.

ಹಾಗಂತ ಆ ನೀರೆಲ್ಲ ಎಲ್ಲರಿಗೂ ಸಿಗುತ್ತಿರಲಿಲ್ಲ. ಮಹಾರಾಷ್ಟ್ರದ ಮಹಾಡದಲ್ಲಿ ದಲಿತರು ಚವದಾರ ಕೆರೆಯ ನೀರು ಮುಟ್ಟಲು 1927ರಲ್ಲಿ ಅಂಬೇಡ್ಕರ್ ಸತ್ಯಾಗ್ರಹವನ್ನೇ ಮಾಡಬೇಕಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಹಿಡಿದೇ ಹೇಳುತ್ತದೆ: ಸರ್ಕಾರದ ದುಡ್ಡಲ್ಲಿ ನಡೆಯುವ ಇಂಥ ಕಡೆ ಜಾತಿ, ಧರ್ಮ ನೋಡಿ ಯಾರನ್ನೂ ತಡೆಯುವಂತಿಲ್ಲ.

ಹಾಸನದ ಸುತ್ತಲಿನ ಹಳ್ಳಿಗಳಲ್ಲಿ ಈಜು ಕಲಿಸಿದ್ದು ತೋಟದ ಬಾವಿ. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ, ಮೇಲಿಂದ ಸುಮ್ನೆ ತಳ್ಳಿಬಿಡುತ್ತಿದ್ದರು. ಆಮೇಲೆ ಲಾರಿ ಟ್ಯೂಬು ಬಂತು. ಬೋರ್‌ವೆಲ್ ಬಂದ ಮೇಲೆ ಬಾವಿಗಳೇ ಬತ್ತಿದವು, ಕೆಲವಂತೂ ಕಸದ ಗುಂಡಿಯಾದವು. ಇನ್ನೊಂದು ಕಡೆ, 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ಹಿನ್ನೀರು ಹರಡಿತು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುವುದು ಇದೇ ನೀರಿನಲ್ಲಿ. ಊರ ಬಾವಿಯ ಆಳ ಊರವರಿಗೆ ಗೊತ್ತಿತ್ತು. ಹಿನ್ನೀರಿನ ತಳ ಎಲ್ಲಿ ಜಾರುತ್ತದೆ ಅಂತ ದಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ದೇಶದಲ್ಲಿ ವರ್ಷಕ್ಕೆ ಸುಮಾರು 38 ಸಾವಿರ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಈಜುಕೊಳ ಕೇಳುವುದು ಶೋಕಿಗಲ್ಲ.

ಸರಿ, ದುಡ್ಡು ಯಾರು ಹಾಕಬೇಕು? ಸಂವಿಧಾನದ ಪ್ರಕಾರ ಕ್ರೀಡೆ ರಾಜ್ಯದ ಪಟ್ಟಿಯಲ್ಲಿದೆ. 74ನೇ ತಿದ್ದುಪಡಿಯೊಂದಿಗೆ 1993ರಲ್ಲಿ ಜಾರಿಗೆ ಬಂದ 12ನೇ ಅನುಸೂಚಿ ಉದ್ಯಾನ, ಆಟದ ಮೈದಾನಗಳನ್ನು ನಗರಾಡಳಿತದ ಕೆಲಸಗಳ ಸಾಲಿಗೆ ಸೇರಿಸಿತು. ಈಜುಕೊಳದ ಹೆಸರು ಅಲ್ಲಿಲ್ಲ. ಕೇಂದ್ರದ ಖೇಲೋ ಇಂಡಿಯಾ ಕ್ರೀಡಾ ಯೋಜನೆ ಕೂಡ ಇದೆ. ಮೂವರೂ ಇದ್ದಾರೆ, ಆದರೆ ಮೂವರ ಕಣ್ಣೂ ಗುದ್ದಲಿ ಪೂಜೆ, ಉದ್ಘಾಟನೆಗಳ ಮೇಲೆಯೇ ಜಾಸ್ತಿ. ಕಟ್ಟುಕೊಡಗೆಯ ಜಾಗ ಖಾಲಿ.

ನಡೆಸುವ ಖರ್ಚು ಎಂದರೆ ಏನು ಅಂತ ಸ್ವಲ್ಪ ನೋಡೋಣ. 25 ಮೀಟರ್ ಉದ್ದ, 15 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳಕ್ಕೆ ಸುಮಾರು 5.6 ಲಕ್ಷ ಲೀಟರ್ ನೀರು ಬೇಕು. ಅದನ್ನು ದಿನವೂ ಪಂಪು ಎಳೆದು, ಮರಳಿನ ಫಿಲ್ಟರ್‌ನಲ್ಲಿ ಸೋಸಿ, ವಾಪಸು ಬಿಡಬೇಕು. ಕ್ಲೋರಿನ್ ಕಡಿಮೆಯಾದರೆ ಎರಡೇ ದಿನದಲ್ಲಿ ನೀರು ಹಸಿರಾಗುತ್ತದೆ, ಜಾಸ್ತಿಯಾದರೆ ಕಣ್ಣು ಉರಿ. ಜೀವರಕ್ಷಕರು, ತರಬೇತುದಾರರು, ಕರೆಂಟ್ ಬಿಲ್ಲು ಬೇರೆ. ಹಾಸನದ ಹವೆ ಬೇರೆ ತಣ್ಣಗಿನದು. ಏಪ್ರಿಲ್, ಮೇ ರಜೆಯಲ್ಲಿ ನೂಕುನುಗ್ಗಲು, ಜುಲೈ ಜಡಿಮಳೆಯಲ್ಲಿ ಯಾರು ಇಳಿಯುತ್ತಾರೆ? ಟಿಕೆಟ್ ದುಡ್ಡು ಬರುವುದು ಬೇಸಿಗೆಯಲ್ಲಿ, ಪಂಪು ಓಡಬೇಕಾದದ್ದು ವರ್ಷಪೂರ್ತಿ.

ಡೈವಿಂಗ್ ಕಥೆ ಇನ್ನೂ ಕಷ್ಟ. 3 ಮೀಟರ್ ಎತ್ತರದ ಹಲಗೆಯಿಂದ ಹಾರಲು ಕೆಳಗೆ 3.7 ಮೀಟರ್ ಆಳವಾದರೂ ಬೇಕು. 10 ಮೀಟರ್ ಕಟ್ಟೆಗೆ 5 ಮೀಟರ್ ಆಳ ಇದ್ದರೆ ಒಳ್ಳೆಯದು. ಮಾಮೂಲಿ ಈಜುಕೊಳದಲ್ಲಿ ಇದು ಸಾಧ್ಯವೇ ಇಲ್ಲ, ಪ್ರತ್ಯೇಕ ಗುಂಡಿಯನ್ನೇ ತೋಡಬೇಕು. ಅಂದರೆ ಇನ್ನಷ್ಟು ನೀರು, ಇನ್ನೊಂದು ಫಿಲ್ಟರ್. ಬಳಸುವವರು ಬೆರಳೆಣಿಕೆಯಷ್ಟು. ಅಂದಾಜುಪಟ್ಟಿಯಲ್ಲಿ ಮೊದಲ ಕತ್ತರಿ ಬೀಳುವುದು ಇದಕ್ಕೇ. ಜಿಲ್ಲೆಗೊಂದು ಡೈವಿಂಗ್ ಗುಂಡಿ ಬೇಕೆಂದು ನಾನೂ ಹೇಳಲಾರೆ. ಮೂರ್ನಾಲ್ಕು ಜಿಲ್ಲೆಗೆ ಸೇರಿ ಒಂದು ಚೆನ್ನಾಗಿ ನಡೆದರೆ ಸಾಕು.

ಸ್ಪರ್ಧೆಯ ಈಜು ಬೆಂಗಳೂರಲ್ಲೇ ಉಳಿದಿರುವುದಕ್ಕೂ ಈ ನಡೆಸುವ ಖರ್ಚೇ ಕಾರಣ ಅನಿಸುತ್ತದೆ. ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್, ಟೋಕಿಯೊದ ಶ್ರೀಹರಿ ನಟರಾಜ್, 14ನೇ ವಯಸ್ಸಿಗೇ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಧಿನಿಧಿ ದೇಸಿಂಗು, ಎಲ್ಲರೂ ಆ ಊರಿನವರು. ವರ್ಷವಿಡೀ ತೆರೆದಿರುವ ಕೊಳ ಅಲ್ಲಿದೆ.

ಸಣ್ಣ ಊರಲ್ಲಿ ನಷ್ಟ ಬಂದಾಗ ಸುಲಭದ ದಾರಿ ಗುತ್ತಿಗೆ. ಗುತ್ತಿಗೆದಾರ ಶುಲ್ಕ ಏರಿಸುತ್ತಾನೆ, ತಪ್ಪೇನಲ್ಲ, ಅವನೂ ಬದುಕಬೇಕಲ್ವಾ? ಆದರೆ ಹಿನ್ನೀರಿನ ಪಕ್ಕದ ಹಳ್ಳಿಯ ಮಗು ಗೇಟಿನಾಚೆಯೇ ಉಳಿಯುತ್ತದೆ. ಶಾಲೆ ನಡೆಯುವ ದಿನಗಳಲ್ಲಿ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ, ಕೊಳದಲ್ಲಿ ಹೇಗೂ ಜನ ಕಮ್ಮಿ. ಆ ಹೊತ್ತಿಗೆ ಸರ್ಕಾರಿ ಶಾಲೆಯ ಮಕ್ಕಳನ್ನು ಕರೆತಂದರೆ ಬೀಳುವ ಹೊಸ ಖರ್ಚು ಬಸ್ಸಿನದು, ಇನ್ನೊಬ್ಬ ತರಬೇತುದಾರರ ಸಂಬಳದ್ದು. ಬಜೆಟ್‌ನಲ್ಲಿ ಅದಕ್ಕೊಂದು ಸಾಲು ಇಡಬೇಕು, ಕೊಳ ಕಟ್ಟುವ ವರ್ಷವೇ.