ಲೈಸೆನ್ಸಿಗೆ 21 ಮಾಡಿದರೆ ನಷ್ಟ ಯಾರಿಗೆ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಪಿಯುಸಿ ಹುಡುಗನೊಬ್ಬ ಗಾಡಿ ಗುದ್ದಿದಾಗಲೆಲ್ಲ ಒಂದು ಮಾತು ಏಳುತ್ತದೆ: ಲೈಸೆನ್ಸಿನ ವಯಸ್ಸನ್ನು 21ಕ್ಕೆ ಏರಿಸಿಬಿಡಿ. ಸಿಟ್ಟು ನ್ಯಾಯವಾದದ್ದೇ. ಆದರೆ ಪಿಯುಸಿ ಹುಡುಗನಿಗೆ ಹದಿನಾರೋ ಹದಿನೇಳೋ. ಈಗಿರುವ 18ರ ಗಡಿಯನ್ನೇ ದಾಟಿ ಬಂದವನನ್ನು 21ರ ಗಡಿ ಹೇಗೆ ಹಿಡಿದೀತು?

ಮೊದಲು ಕಾಯ್ದೆ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸ್ವಂತ ಬಳಕೆಯ ಗಾಡಿಗೆ 18, ಸಾರಿಗೆ ವಾಹನಕ್ಕೆ 20. ಜೊತೆಗೆ ಒಂದು ವಿನಾಯಿತಿ: 50 ಸಿಸಿ ಮೀರದ ಮೋಟಾರ್ ಸೈಕಲ್ ಆದರೆ 16 ಸಾಕು, ಪೋಷಕರ ಲಿಖಿತ ಒಪ್ಪಿಗೆ ಬೇಕು. ಇದನ್ನೇ ಊರಲ್ಲಿ "ಗೇರ್ ಇಲ್ಲದ ಗಾಡಿಗೆ ಹದಿನಾರು ನಡೀತದ" ಅಂತ ತಿಳಿದುಕೊಂಡಿದ್ದಾರೆ. ತಪ್ಪು. ಗೇರ್ ಇಲ್ಲದಿದ್ದರೆ ಸಾಲದು, ಎಂಜಿನ್ನೂ 50 ಸಿಸಿ ಒಳಗೇ ಇರಬೇಕು. ಲೂನಾ, ಟಿವಿಎಸ್ 50 ಓಡುತ್ತಿದ್ದ ಕಾಲಕ್ಕೆ ಈ ವಿನಾಯಿತಿಗೆ ಅರ್ಥವಿತ್ತು. ಈಗ ಹೊಲಕ್ಕೆ ಗೊಬ್ಬರದ ಚೀಲ ಹೊರುವ ಎಕ್ಸೆಲ್ ಹೆಚ್ಚೂಕಡಿಮೆ 100 ಸಿಸಿ. ಮನೆಮನೆಯ ಸ್ಕೂಟರ್ 110, ಇಲ್ಲವೇ 125. ಅಂದರೆ 16ಕ್ಕೆ ಲೈಸೆನ್ಸ್ ಸಿಕ್ಕರೂ ಅದಕ್ಕೆ ತಕ್ಕ ಗಾಡಿ ಅಂಗಡಿಯಲ್ಲಿಲ್ಲ. ಇದನ್ನು ತೆಗೆದುಹಾಕಬೇಕು, ಇಲ್ಲವೇ ಈಗಿನ ಗಾಡಿಗಳಿಗೆ ಹೊಂದುವಂತೆ ತಿದ್ದಬೇಕು. ಹೀಗೇ ಬಿಟ್ಟರೆ ತಪ್ಪು ತಿಳಿವಳಿಕೆಗೇ ಅದು ಆಧಾರ.

ಇನ್ನು 21ರ ಮಾತು. ಐಟಿಐ ಮುಗಿಸಿದವನು, ಡಿಗ್ರಿಗೆ ಹೋಗುವವಳು, ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ಎಲ್ಲರೂ 18ರಿಂದ 21ರ ನಡುವಿನವರು. ಹಳ್ಳಿಯಿಂದ, ಕ್ಯಾಂಪಿನಿಂದ ಪಟ್ಟಣಕ್ಕೆ ಹತ್ತು ಹದಿನೈದು ಕಿಲೋಮೀಟರ್. ಸಂಜೆಯ ಬಸ್ ತಪ್ಪಿದರೆ ಟಂಟಂ ಗತಿ. ಗಡಿ ಏರಿದ ಮರುದಿನ ಇವರು ಗಾಡಿ ಬಿಡುವುದಿಲ್ಲ, ಲೈಸೆನ್ಸ್ ಇಲ್ಲದವರಾಗುತ್ತಾರೆ ಅಷ್ಟೇ. ಆಗ ಪೆಟ್ಟು ಬೀಳುವುದು ವಿಮೆಗೆ. ಲೈಸೆನ್ಸ್ ಇಲ್ಲದವನು ಗುದ್ದಿದರೆ ವಿಮಾ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಅದನ್ನು ಗಾಡಿಯ ಮಾಲೀಕನಿಂದ ವಸೂಲಿ ಮಾಡಲಿ ಎಂದು ನ್ಯಾಯಮಂಡಳಿ ಆದೇಶಿಸಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದಾರಿ ಇದು. ಪರಿಹಾರದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಕಾಯ್ದೆಯ 174ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಎರಡೆಕರೆ ಗದ್ದೆಯವನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗಾಡಿ ಹುಡುಗನ ಹೆಸರಿನಲ್ಲಿದ್ದು ಅವನೇ ಸತ್ತರೆ, ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಲೈಸೆನ್ಸ್ ಇಲ್ಲವೆಂದು ಕೈತಪ್ಪುತ್ತದೆ. ಇವತ್ತು ವಿಮೆಯ ನೆರಳಿನಲ್ಲಿರುವವರನ್ನು ಬಿಸಿಲಿಗೆ ತಳ್ಳುವ ಸುಧಾರಣೆ ಇದು.

ಹಾಗಾದರೆ 18ರವನು ತಯಾರಾಗಿರುತ್ತಾನೆಯೇ? ಇಲ್ಲ. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಪಡೆದು 30 ದಿನ ಕಳೆದರೆ ಟೆಸ್ಟಿಗೆ ಹೋಗಬಹುದು. ಎಲ್‌ಎಲ್ ಇರುವಾಗ ಬೈಕಿನ ಹಿಂದೆ ಕಲಿಸುವವನ ಹೊರತು ಯಾರೂ ಕೂರುವಂತಿಲ್ಲ. ಈ ನಿಯಮ ಇದೆಯೆಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಟೆಸ್ಟಿನಲ್ಲಿ ಹಗಲು ಹೊತ್ತು, ನಿಧಾನ ವೇಗದಲ್ಲಿ, ಕಾಲು ಊರದೆ 8 ಹಾಕಿದರೆ ಬಹುಪಾಲು ಗೆದ್ದಂತೆ. 40ರ ವೇಗದಲ್ಲಿ ಬರುವ ಗಾಡಿಯನ್ನು ಗಟ್ಟಿಯಾಗಿ ನಿಲ್ಲಿಸಿ ತೋರಿಸು ಎಂದು ಕೇಳುವುದು ಅಪರೂಪ.

ಅಲ್ಲೇ ಲೆಕ್ಕ ತಪ್ಪುವುದು. ಕಣ್ಣಿಗೆ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದುಕೊಂಡರೆ, ಒಣ ಡಾಂಬರಿನ ಮೇಲೆ 40ರ ವೇಗದ ಗಾಡಿ ನಿಲ್ಲಲು ಸುಮಾರು 21 ಮೀಟರ್ ಬೇಕು. 60ಕ್ಕೆ 40 ಮೀಟರ್. 80ಕ್ಕೆ 63. ಸ್ಕೂಟರಿನ ಡಿಮ್ ಲೈಟು ರಾತ್ರಿ ಸರಿಯಾಗಿ ತೋರಿಸುವುದೇ ಮೂವತ್ತು ನಲವತ್ತು ಮೀಟರ್. ಇದು ಬರಿ ರಸ್ತೆಯ ಮಾತು. ಕೊಯ್ಲಿನ ಕಾಲಕ್ಕೆ ನಮ್ಮಲ್ಲಿ ರಸ್ತೆಯ ಅರ್ಧಕ್ಕೆ ನೆಲ್ಲು ಹರವಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಟೈರು ಗೋಲಿಯ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಹೊಸಬ ಹೆದರಿ ಮುಂದಿನ ಬ್ರೇಕ್ ಹಿಂಡುತ್ತಾನೆ. ಮುಂಗಾಲಿ ನಿಂತು, ಹ್ಯಾಂಡಲ್ ಮಡಚಿ, ಗಾಡಿ ಒಂದು ಕಡೆಗೆ ಮಲಗುತ್ತದೆ. ಮೂವರು ಕೂತಿದ್ದರೆ ಇನ್ನೂ ಕಷ್ಟ: 110 ಸಿಸಿ ಸ್ಕೂಟರ್ ನೂರು ಕಿಲೋ ಚಿಲ್ಲರೆ, ಮೂವರು ಹುಡುಗರು ನೂರೈವತ್ತು, ಭಾರವೆಲ್ಲ ಹಿಂದೆ, ಮುಂಗಾಲಿ ಹಗುರ. ಮನೆಯಲ್ಲಿರುವುದು 2019ಕ್ಕಿಂತ ಹಳೆಯ ಸ್ಕೂಟರಾದರೆ, ಎಡಗೈ ಲಿವರ್ ಎರಡೂ ಗಾಲಿ ಹಿಡಿಯುತ್ತದೆಯೇ ಅಥವಾ ಹಿಂದಿನದನ್ನು ಮಾತ್ರವೇ ಎಂದು ಮೊದಲು ನೋಡಿಕೊಳ್ಳಿ. ನೆಲ್ಲು ಎತ್ತಿಕೊಂಡು ಹೋದ ಮೇಲೂ ಕಲ್ಲು ಅಲ್ಲೇ ಉಳಿದಿರುತ್ತದೆ ಅನ್ನುವುದು ಬೇರೆ ಮಾತು. ಅದಕ್ಕೆ ಸವಾರನ ವಯಸ್ಸು ಕಾರಣವಲ್ಲ.

ಟ್ರ್ಯಾಕ್ಟರಿನ ಬಗ್ಗೆ ಯಾರೂ ಮಾತೇ ಎತ್ತುವುದಿಲ್ಲ. ಕಾಯ್ದೆಯ ಕಣ್ಣಿಗೆ ಅದು ಲಘು ವಾಹನ, ಕಾರಿನಲ್ಲಿ ಟೆಸ್ಟ್ ಕೊಟ್ಟವನೂ ಓಡಿಸಬಹುದು. ಹದಿನಾಲ್ಕರ ಹುಡುಗ ಗದ್ದೆಯಲ್ಲಿ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಗಾಲಿ) ಹಾಕಿ ರೊಳ್ಳೆ ಹೊಡೆಯುವುದನ್ನು, ಅಂದರೆ ಕೆಸರು ಕಲಸುವುದನ್ನು ಕಲಿತು, ಅದೇ ಕೈಯಲ್ಲಿ ಟ್ರಾಲಿ ಹೂಡಿ ಹೆದ್ದಾರಿಗೆ ಏರುತ್ತಾನೆ. ಟ್ರ್ಯಾಕ್ಟರಿನಲ್ಲಿ ಬಲಗಾಲಿನ ಬದಿಗೆ ಬ್ರೇಕ್ ಪೆಡಲ್ ಎರಡು: ಒಂದು ಎಡ ಹಿಂಗಾಲಿಯದು, ಇನ್ನೊಂದು ಬಲಗಡೆಯದು. ಬದುವಿನ ಹತ್ತಿರ ಇದ್ದಲ್ಲೇ ತಿರುಗಲು ಒಂದನ್ನೇ ಒತ್ತುತ್ತಾರೆ. ರಸ್ತೆಗೆ ಬರುವ ಮೊದಲು ಎರಡನ್ನೂ ಸೇರಿಸುವ ಕೊಂಡಿ ಹಾಕಲೇಬೇಕು. ಹಾಕದೆ 25, 30ರ ವೇಗದಲ್ಲಿ ಒಂದೇ ಪೆಡಲ್ ತುಳಿದರೆ ಒಂದು ಗಾಲಿ ನಿಂತು ಇನ್ನೊಂದು ಓಡುತ್ತದೆ. ಟ್ರ್ಯಾಕ್ಟರ್ ಅಡ್ಡ ತಿರುಗಿ, ಹಿಂದಿನ ಲೋಡು ನೂಕಿ, ಮಗುಚುತ್ತದೆ. ಎಷ್ಟೋ ಟ್ರಾಲಿಗಳಿಗೆ ತಮ್ಮದೇ ಬ್ರೇಕ್ ಇಲ್ಲ. ಕಾಲುವೆ ಏರಿ ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಚಟವಂತೂ ನೇರ ಸಾವಿನ ದಾರಿ: ಎಂಜಿನ್ನಿನ ಹಿಡಿತ ಹೋದರೆ ಟ್ರಾಲಿಯೇ ಟ್ರ್ಯಾಕ್ಟರನ್ನು ಓಡಿಸುತ್ತದೆ. ಇದಕ್ಕೆ ಬೇಕಾದದ್ದು ಟ್ರಾಲಿ ಹೂಡಿಯೇ ಕೊಡುವ ಪ್ರತ್ಯೇಕ ಟೆಸ್ಟ್.

ಬೇರೆ ದೇಶಗಳು ಮೆಟ್ಟಿಲು ಕಟ್ಟಿವೆ. ನ್ಯೂಜಿಲೆಂಡ್ 1987ರಲ್ಲೇ ಹಂತದ ಲೈಸೆನ್ಸ್ ತಂದಿತು. ಮಧ್ಯದ ಹಂತದಲ್ಲಿರುವವರು ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ. ಅಲ್ಲಿ ವಯಸ್ಸನ್ನೂ ಏರಿಸಿದರು ನಿಜ, 2011ರಲ್ಲಿ, ಆದರೆ 15ರಿಂದ 16ಕ್ಕೆ. ಯುರೋಪಿನಲ್ಲಿ ದೊಡ್ಡ ಬೈಕು ಮೆಟ್ಟಿಲು ಹತ್ತಿ ಬಂದವನಿಗೆ ಬೇಗ, ನೇರ ಬಂದವನಿಗೆ 24ಕ್ಕೆ. ನಮ್ಮಲ್ಲೂ 18 ಹಾಗೇ ಇರಲಿ. ಮೊದಲ ವರ್ಷ 125 ಸಿಸಿ ಒಳಗೆ, ಮನೆಯ ದೊಡ್ಡವರ ಹೊರತು ಹಿಂದೆ ಯಾರೂ ಇಲ್ಲ, ರಾತ್ರಿ ಹತ್ತರ ನಂತರ ಇಲ್ಲ. ವರ್ಷ ಮುಗಿದ ಮೇಲೆ ಬ್ರೇಕಿನ ಟೆಸ್ಟ್ ಗೆದ್ದರೆ ಪೂರ್ತಿ ಲೈಸೆನ್ಸ್. ಪೊಲೀಸರಿಗೆ ಗುರುತು ಸಿಗಲು ನಂಬರ್ ಪ್ಲೇಟಿನ ಪಕ್ಕ ಬೇರೆ ಬಣ್ಣದ ಪಟ್ಟಿ ಸಾಕು.

ಬ್ಯಾಟರಿ ಸ್ಕೂಟರಿನದು ಇನ್ನೊಂದು ಕಥೆ. 250 ವ್ಯಾಟ್ ಒಳಗಿನ, 25 ಕಿಲೋಮೀಟರ್ ವೇಗ ಮೀರದ ಗಾಡಿಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಆದರೆ ಕಂಟ್ರೋಲರಿನ ಸ್ಪೀಡ್ ಲಿಮಿಟ್ ವೈರ್ ಬಿಚ್ಚಿ 40 ಓಡಿಸಿದ ಕ್ಷಣ ಅದು ಮೋಟಾರು ವಾಹನ, ಅದೂ ನೋಂದಣಿ ಇಲ್ಲದ, ವಿಮೆ ಇಲ್ಲದ ವಾಹನ.

18ರ ಒಳಗಿನವರಿಗೆ ಹೊಸ ಕಾನೂನು ಬೇಕಿಲ್ಲ. 2019ರಿಂದ ಜಾರಿಯಲ್ಲಿರುವ 199ಎ ಸೆಕ್ಷನ್ನೇ ಸಾಕಷ್ಟು ಖಾರವಾಗಿದೆ. ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಸಾಲದ ಕಂತು ಮಾತ್ರ ನಿಲ್ಲದು. ತಮಗೆ ಗೊತ್ತಿಲ್ಲದೆ ಒಯ್ದ ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವು ಎಂದು ಪೋಷಕರೇ ಸಾಬೀತು ಮಾಡಬೇಕು. ಬೀಗದ ಕೈ ಬಾಗಿಲ ಮೊಳೆಗೆ ನೇತಾಡುತ್ತಿದ್ದರೆ ಆ ವಾದ ನಿಲ್ಲುವುದು ಕಷ್ಟ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಸಾರಿಗೆ ವಾಹನದ ಎಲ್‌ಎಲ್‌ಗೆ ಅದಕ್ಕೂ ಮೊದಲು ಒಂದು ವರ್ಷ ಲಘು ವಾಹನದ ಲೈಸೆನ್ಸ್ ಇರಬೇಕು. ಸಂಡೂರಿನ ಅದಿರಿನ ಟಿಪ್ಪರ್ ಹತ್ತಬೇಕೆಂದವನು, ಶಕ್ತಿನಗರದ ಬೂದಿ ಲಾರಿ ಓಡಿಸಬೇಕೆಂದವನು 26ರವರೆಗೆ ಕಾಯಬೇಕಾಗುತ್ತದೆ.