ಹೊಸ ಜಡ್ಜ್ ಸಾಹೇಬ್ರು ಯಾವ ಪೈಕಿ?

ಬೇಸಿಗೆಯಲ್ಲಿ ನ್ಯಾಯಾಧೀಶರ ವರ್ಗಾವಣೆ ಪಟ್ಟಿ ಹೊರಬಿದ್ದರೆ ಸಾಕು, ಕಕ್ಷಿದಾರರ ಫೋನು ಶುರುವಾಗುತ್ತದೆ. 'ವಕೀಲ್ರೇ, ಹೊಸ ಸಾಹೇಬ್ರು ಯಾವ ಪೈಕಿ?' ಎದುರು ಪಾರ್ಟಿಯ ಜಾತಿ ಎಂದು ಗೊತ್ತಾದರೆ 'ಕೇಸು ಬೇರೆ ಕೋರ್ಟಿಗೆ ಹಾಕ್ಸಿ' ಎನ್ನುತ್ತಾರೆ. ತಮ್ಮದೇ ಎಂದಾದರೆ ಸಾಕ್ಷಿ ಕರೆತರುವುದಕ್ಕೂ ಉದಾಸೀನ. ಎರಡೂ ರೀತಿಯಲ್ಲಿ ಕೇಸು ಹಾಳಾದದ್ದನ್ನು ಕಾರವಾರದಲ್ಲೂ ಶಿರಸಿಯಲ್ಲೂ ಕಂಡಿದ್ದೇನೆ.

ಜಡ್ಜ್ ಆಗಲಿರುವವರು ಹೈಕೋರ್ಟ್ ನಡೆಸುವ ಪೂರ್ವಭಾವಿ, ಮುಖ್ಯ ಪರೀಕ್ಷೆ, ಮೌಖಿಕ ಸಂದರ್ಶನ ದಾಟಿ ಬರಬೇಕು. ಮೂರು ವರ್ಷದ ವಕೀಲಿಕೆಯೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ಕಡ್ಡಾಯ ಮಾಡಿದೆ. ಸಾಮಾನ್ಯವಾಗಿ ಸ್ವಂತ ಊರಿಗೆ ಹಾಕುವುದಿಲ್ಲ, ಕೆಲವು ವರ್ಷಕ್ಕೆ ಎತ್ತಂಗಡಿ.

ಈಗ ನೂರು ಸಲ ಹೇಳಿದರೂ ತಲೆಗೆ ಹೋಗದ ಮಾತು. ಜಾತಿ ಒಂದೇ ಎಂಬುದು ಕೇಸು ವರ್ಗಾಯಿಸಲು ಕಾರಣವಾಗುವುದಿಲ್ಲ. ನ್ಯಾಯಾಧೀಶರಿಗೂ ನಿಮ್ಮ ಕೇಸಿಗೂ ನಂಟು ತೋರಿಸಬೇಕು: ಎದುರಿನವರು ಹತ್ತಿರದ ಸಂಬಂಧಿ, ವ್ಯಾಜ್ಯದ ಜಾಗದಲ್ಲಿ ಪಾಲಿದೆ, ಹಿಂದೆ ಅದೇ ವಿಷಯದಲ್ಲಿ ಅವರ ವಕೀಲರಾಗಿದ್ದರು, ಇಂಥದ್ದು. ಆಗ ನ್ಯಾಯಾಧೀಶರ ಮನಸ್ಸು ಎಷ್ಟೇ ಶುದ್ಧವಿರಲಿ, ಕಕ್ಷಿದಾರನಿಗೆ ಹುಟ್ಟುವ ಆತಂಕಕ್ಕೆ ಆಧಾರವಿದೆಯೇ ಎಂದು ಮೇಲಿನ ಕೋರ್ಟು ನೋಡುತ್ತದೆ. ಇದನ್ನು ಎತ್ತುವುದಿದ್ದರೆ ತಿಳಿದ ಕೂಡಲೇ ಎತ್ತಬೇಕು. 1957ರ ಮಾಣಕ್ ಲಾಲ್ ಎಂಬ ವಕೀಲರ ಪ್ರಕರಣದಲ್ಲಿ, ಅವರ ಮೇಲಿನ ದೂರು ವಿಚಾರಿಸಿದ ನ್ಯಾಯಮಂಡಳಿಯ ಅಧ್ಯಕ್ಷರು ಹಿಂದೆ ಎದುರುಪಕ್ಷದವರ ಪರ ವಾದಿಸಿದ್ದವರು. ಆಕ್ಷೇಪ ಸರಿಯೆಂದು ಸುಪ್ರೀಂ ಕೋರ್ಟೇ ಒಪ್ಪಿತು. ಆದರೆ ಮೊದಲೇ ಹೇಳದೆ ಸುಮ್ಮನಿದ್ದುದರಿಂದ ಅದರ ಫಲ ಸಿಗಲಿಲ್ಲ. ತೀರ್ಪು ತಿರುಗಿದ ಮೇಲೆ ನೆನಪಾಗುವ ಪಕ್ಷಪಾತವನ್ನು ಯಾರೂ ಕೇಳುವುದಿಲ್ಲ. ಆಧಾರವಿಲ್ಲದ ಆರೋಪ ಬರೆದುಕೊಟ್ಟರೆ ನ್ಯಾಯಾಂಗ ನಿಂದನೆಯೂ ಬೆನ್ನು ಹತ್ತಬಹುದು. ಒಂದೊಂದು ಕೇಸಿನ ಸಂಗತಿ ಬೇರೆ, ನಿಮ್ಮ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಜಾತಿ ನೋಡಬಾರದು ಎಂದಾದರೆ ನ್ಯಾಯಪೀಠದಲ್ಲಿ ಎಲ್ಲ ಬಗೆಯ ಜನ ಇರಬೇಕೆಂದು ಹೇಳುವುದೇಕೆ? ಅಂಕೋಲಾ ಕಡೆ ಮನೆಮನೆಗೆ ಮೀನು ಮಾರುತ್ತಿದ್ದ ಹೆಂಗಸೊಬ್ಬಳ ಅಪಘಾತ ಪರಿಹಾರದ ಕೇಸು ನಡೆಸಿದ್ದೆ. ವಿಮಾ ಕಂಪನಿಯ ವಕೀಲರದ್ದು ಒಂದೇ ಪಟ್ಟು: ಆದಾಯಕ್ಕೆ ದಾಖಲೆ ಎಲ್ಲಿ? ಅವಳು ಕಟಕಟೆಯಲ್ಲಿ ಸೆರಗು ಹಿಡಿದು ನಿಂತೇ ಇದ್ದಳು. ಉತ್ತರ ಕರ್ನಾಟಕದಿಂದ ಬಂದಿದ್ದ ನ್ಯಾಯಾಧೀಶೆ ಸ್ಟೆನೋಗೆ ಕೈ ಸನ್ನೆ ಮಾಡಿ ನಿಲ್ಲಿಸಿ, 'ಬುಟ್ಟಿ ಎಷ್ಟಕ್ಕೆ ತರ್ತಿದ್ರಿ ಅಮ್ಮ? ಉದ್ರಿ ಎಷ್ಟು ಮನೇಲಿ ಉಳೀತಿತ್ತು? ಮಳೆಗಾಲದಲ್ಲಿ ಏನು ಮಾಡ್ತಿದ್ರಿ?' ಎಂದು ಕೇಳಿದರು. ಮನೆ ಮನೆಯ ಲೆಕ್ಕ ಅವಳ ಬಾಯಲ್ಲಿತ್ತು, ಅಷ್ಟೂ ದಾಖಲಾಯಿತು. ಆ ನ್ಯಾಯಾಧೀಶೆಯ ತಾಯಿ ಸಂತೆಯಲ್ಲಿ ತರಕಾರಿ ಮಾರುತ್ತಿದ್ದರೆಂದು ಬೀಳ್ಕೊಡುಗೆಯ ದಿನ ಅವರ ಬಾಯಿಂದಲೇ ಕೇಳಿದೆವು. ಅವರದ್ದು ಬೇರೆ ಜಾತಿ, ಬೇರೆ ಸೀಮೆ. ಬಿಲ್ ಇಲ್ಲದ ಔಷಧದ ಖರ್ಚನ್ನು ಮಾತ್ರ ಅವರು ಒಂದು ಪೈಸೆಯೂ ಕೊಡಲಿಲ್ಲ, ಅದೂ ಸರಿಯೇ.

ಕೆಳಹಂತದ ನೇಮಕದಲ್ಲಿ ಮೀಸಲಾತಿ ಇರುವುದರಿಂದ ಇಂಥವರು ಬರುತ್ತಿದ್ದಾರೆ. ನಮ್ಮ ಜಿಲ್ಲೆಯ ಮೇಲ್ಮನವಿಗಳು ಹೋಗುವ ಧಾರವಾಡ ಪೀಠವೂ ಸೇರಿ ಯಾವ ಹೈಕೋರ್ಟಿಗೂ ಆ ನಿಯಮವಿಲ್ಲ. ಅಲ್ಲಿಗೆ 1993ರಿಂದ ಹೆಸರು ಆರಿಸುವುದು ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಾಧೀಶರದ್ದೇ ಮಂಡಳಿ. ಅದರ ಬದಲಿಗೆ ಬಂದ, ಸರ್ಕಾರಕ್ಕೂ ಪಾಲಿದ್ದ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಸರ್ಕಾರದ ಕೈ ದೂರ ಇಟ್ಟದ್ದು ಒಳ್ಳೆಯದೇ ಎಂದು ನನಗೂ ಅನಿಸುತ್ತದೆ. ಆದರೆ 1950ರಲ್ಲಿ ಆರಂಭವಾದ ಸುಪ್ರೀಂ ಕೋರ್ಟಿಗೆ ಮೊದಲ ಮಹಿಳೆಯಾಗಿ ಫಾತಿಮಾ ಬೀವಿ ಬಂದದ್ದು 1989ರಲ್ಲಿ. ತಾಲ್ಲೂಕು ಕೋರ್ಟುಗಳಲ್ಲಿ ಕೂದಲು ಹಣ್ಣಾದ ಎಷ್ಟು ಒಳ್ಳೆಯ ವಕೀಲರ ಹೆಸರು ಆ ಪಟ್ಟಿಯ ಹತ್ತಿರ ಹೋಗುತ್ತದೆ? ಯಾರನ್ನು ಪರಿಗಣಿಸಿದರು, ಯಾಕೆ ಬಿಟ್ಟರು ಎಂದು ಕೊಲಿಜಿಯಂ ಹೊರಗೆ ಹೇಳಲಿ. ಯಾವ ಪೈಕಿ ಎಂದು ಕೇಳುವವರು ತಮ್ಮ ಪ್ರಶ್ನೆಯನ್ನು ಅಲ್ಲಿಗೆ ಕಳಿಸಲಿ.